ಯಂತ್ರ ಬರೆದ ಕ್ಷಮಾಪಣೆಗೆ ಅಕ್ಕನ ಉತ್ತರ

ಪರಮ ವಿನಯವಂತರೂ, ಊಟ ನಿದ್ದೆಗಳ ಹಂಗಿಲ್ಲದೆ ದುಡಿಯುವವರೂ, ಯಾರು ಏನು ಹೇಳಿದರೂ ಬೇಸರಿಸದವರೂ ಆದ, ನನ್ನ ತಮ್ಮನ ಪೀಠೋಪಕರಣ ಕಾರ್ಖಾನೆಯ ಕೃತಕ ಬುದ್ಧಿಮತ್ತೆಯವರ ಸನ್ನಿಧಾನಕ್ಕೆ, ಅದೇ ಕಾರ್ಖಾನೆಯ ಫೋನಿನ ಮುಂದೆ ವರ್ಷಗಟ್ಟಲೆ ಕುಳಿತಿದ್ದು ಈಗ ಮನೆಯಲ್ಲಿ ಕುಳಿತಿರುವ ಮಾಲೀಕನ ಅಕ್ಕ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ನಾನು ಕ್ಷೇಮ. ತಮ್ಮ ಕ್ಷೇಮಕ್ಕೆ ಕರೆಂಟು, ಇಂಟರ್ನೆಟ್ಟು ಎರಡೂ ಇರಬೇಕಾದ್ದರಿಂದ ಅವೆರಡೂ ಸದಾ ಇರಲೆಂದು ಹಾರೈಸುತ್ತೇನೆ. ನನ್ನ ತಮ್ಮನ ಸಹಿ ಹೊತ್ತು ಬಂದ ಕ್ಷಮಾಪಣಾ ಪತ್ರ ಮೊನ್ನೆ ಕೈಸೇರಿತು. ಪತ್ರ ಬರೆದವರಿಗೇ ಉತ್ತರ ಬರೆಯುವುದು ಮರ್ಯಾದೆ ಎಂದು ನಮ್ಮ ತಂದೆ ಕಲಿಸಿದ್ದರಿಂದ, ಸಹಿ ಹಾಕಿದವನನ್ನು ಬದಿಗಿಟ್ಟು ತಮಗೇ ಬರೆಯುತ್ತಿದ್ದೇನೆ. ತಮ್ಮ ಬಂಧುಬಳಗದವರು ಈಗ ನಮ್ಮ ಬೀದಿಯ ಅಂಗಡಿ ಅಂಗಡಿಯಲ್ಲೂ ಕೆಲಸಕ್ಕೆ ಸೇರಿಕೊಂಡಿರುವುದರಿಂದ, ಅವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಅದು ತಾವೇ ಬರೆದದ್ದೆಂದು ನನಗೆ ಹೇಗೆ ಗೊತ್ತಾಯಿತು ಎಂಬ ಕುತೂಹಲ ತಮಗಿರಬಹುದು. ಹುಟ್ಟಿದಂದಿನಿಂದ ನನ್ನನ್ನು ‘ನೀನು’ ಎಂದೇ ಕರೆದವನು ಒಮ್ಮೆಗೇ ‘ನಿಮ್ಮ ಭಾವನೆಗಳು ಸಂಪೂರ್ಣವಾಗಿ ನ್ಯಾಯಯುತವಾಗಿವೆ’ ಎಂದು ಬರೆದಾಗಲೇ ಮೂಗಿಗೆ ವಾಸನೆ ಬಡಿದಿತ್ತು. ‘ಸಂಸ್ಥೆಗೆ ನೀವು ನೀಡಿದ ಅಮೂಲ್ಯ ಕೊಡುಗೆ’ ಎಂಬಲ್ಲಿಗೆ ಬಂದಾಗ, ನಾನು ತೀರಿಕೊಂಡಿದ್ದೇನೆಯೇ ಎಂದು ಕನ್ನಡಿ ನೋಡಿಕೊಂಡು ಬಂದೆ. ಕೊನೆಯಲ್ಲಿ ‘ಇದನ್ನು ಇನ್ನಷ್ಟು ಆತ್ಮೀಯವಾಗಿ ತಿದ್ದಿಕೊಡಲೇ?’ ಎಂದು ತಾವು ಅವನನ್ನು ಕೇಳಿದ ಸಾಲನ್ನೂ ಆ ಪುಣ್ಯಾತ್ಮ ಹಾಗೇ ಉಳಿಸಿಕೊಂಡು, ಅದರ ಕೆಳಗೇ ಸಹಿ ಹಾಕಿ ಕಳುಹಿಸಿದ್ದಾನೆ. ತಾವು ಕೇಳಿದ್ದು ಒಳ್ಳೆಯ ಪ್ರಶ್ನೆ. ಅವನು ಉತ್ತರ ಕೊಡದಿದ್ದುದರಿಂದ ನಾನೇ ಕೊಡುತ್ತಿದ್ದೇನೆ: ಬೇಡ, ಆತ್ಮೀಯತೆ ಈಗಾಗಲೇ ಹೆಚ್ಚಾಗಿದೆ.

ತಾವು ನಮ್ಮಲ್ಲಿಗೆ ದಯಮಾಡಿಸಿದ ಕಥೆ ತಮಗೆ ಯಾರೂ ಹೇಳಿರಲಾರರು. ಎದುರಿನ ಹಾಸಿಗೆ ಅಂಗಡಿಯವನು ತಮ್ಮಂಥವರೊಬ್ಬರನ್ನು ತಂದು ಕೂರಿಸಿ, ಅದಕ್ಕೊಂದು ಬೋರ್ಡು ಬರೆಸಿ, ಬೋರ್ಡಿಗೆ ದೀಪ ಹಾಕಿಸಿದ ದಿನದಿಂದ ನನ್ನ ತಮ್ಮನಿಗೆ ನಿದ್ದೆ ಬರಲಿಲ್ಲ. ಹಾಸಿಗೆಯವನು ತಂದದ್ದು ಟೈಲ್ಸ್ ಅಂಗಡಿಯವನನ್ನು ನೋಡಿ. ಟೈಲ್ಸ್‌ನವನು ಯಾರನ್ನು ನೋಡಿ ತಂದನೆಂದು ಯಾರೂ ಕೇಳಲಿಲ್ಲ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ನರಿಯನ್ನು ನೋಡಿ ನರಿಯೇ ಬರೆ ಹಾಕಿಕೊಂಡಿದೆ, ಹುಲಿ ಎಲ್ಲಿದೆಯೋ ಕಂಡವರಿಲ್ಲ. ಆಮೇಲೆ ನನ್ನ ತಮ್ಮ ಯಾವುದೋ ಹೋಟೆಲಿನ ಸಭಾಂಗಣದಲ್ಲಿ ‘ವ್ಯಾಪಾರದ ನಾಳೆ’ ಎಂಬ ಭಾಷಣ ಕೇಳಿ ಬಂದ. ಬರುವಾಗ ಒಂದು ಬಟ್ಟೆಯ ಚೀಲ, ಒಂದು ಪೆನ್ನು ಮತ್ತು ‘ರೂಪಾಂತರ’ ಎಂಬ ಮಾತನ್ನು ತಂದಿದ್ದ. ಪೆನ್ನು ಬರೆಯಲಿಲ್ಲ, ಚೀಲವನ್ನು ಅವನ ಹೆಂಡತಿ ತೆಗೆದುಕೊಂಡಳು, ರೂಪಾಂತರ ಮಾತ್ರ ನಮ್ಮ ಪಾಲಿಗೆ ಬಂತು.

ತಮ್ಮ ವಿದ್ಯಾಭ್ಯಾಸ ನಡೆದದ್ದು ನನ್ನ ಕಂಠದಿಂದ ಎಂಬುದನ್ನು ಹೆಮ್ಮೆಯಿಂದ ನೆನಪಿಸಲು ಬಯಸುತ್ತೇನೆ. ರೆಕಾರ್ಡಾಗಿದ್ದ ನನ್ನ ಫೋನು ಮಾತುಗಳನ್ನೆಲ್ಲ ಕೇಳಿ ತಮಗೆ ಉಣಿಸಲೆಂದು ಇಬ್ಬರು ಎಂಜಿನಿಯರುಗಳು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನನ್ನ ಮೇಜಿನ ಪಕ್ಕದಲ್ಲೇ ಬೀಡುಬಿಟ್ಟಿದ್ದರು. ನಾನು ಗಿರಾಕಿಗಳನ್ನು ಬೈಯುತ್ತೇನೆ, ಇದು ಬೀದಿಗೆಲ್ಲ ತಿಳಿದ ವಿಷಯ. ಬೀರು ಬೇಕೆಂದು ಫೋನು ಮಾಡಿದವರಿಗೆ, “ಏನ್ರೀ, ಮನೆ ಬಾಗಿಲು ಎಷ್ಟು ಅಗಲ ಇದೆ ಅಂತ ಗೊತ್ತಿಲ್ದೆ ಬೀರು ಮಾಡ್ಸೋಕೆ ಹೊರಟಿದೀರಲ್ಲ, ಗೋಡೆ ಒಡೆದು ಒಳಗೆ ತಗೊಂಡು ಹೋಗ್ತೀರಾ? ಮೊದ್ಲು ಹೋಗಿ ಅಳತೆ ತಗೊಳ್ಳಿ, ಮೆಟ್ಟಿಲು ಎಲ್ಲೆಲ್ಲಿ ತಿರುಗುತ್ತೆ ನೋಡಿ, ಆಮೇಲೆ ಫೋನ್ ಮಾಡಿ” ಎಂದು ಹೇಳುವುದು ನನ್ನ ಪದ್ಧತಿ. ಎಂಜಿನಿಯರ್ ಹುಡುಗಿ ಇದನ್ನು ಕೇಳಿ ಬಿಳಿಚಿಕೊಂಡು, “ಮೇಡಂ, ಕಸ್ಟಮರ್ ಜೊತೆ ಹೀಗೆಲ್ಲ ಮಾತಾಡೋ ಹಾಗಿಲ್ಲ” ಎಂದಳು. ಪಾಪ, ಒಳ್ಳೆಯ ಹುಡುಗಿ. ಬೈಗುಳವಿದ್ದ ಕರೆಗಳನ್ನೆಲ್ಲ ಅಸಭ್ಯವೆಂದು ಗುರುತುಹಾಕಿ ಇಬ್ಬರೂ ಕಷ್ಟಪಟ್ಟು ಅಳಿಸಿದರು. ಬಾಗಿಲಿನ ಅಳತೆ, ಮೆಟ್ಟಿಲಿನ ತಿರುವು, ಲಿಫ್ಟಿನ ಎತ್ತರ, ಹೊರಲು ಎಷ್ಟು ಜನ, ಮನೆಯವರನ್ನು ಕೇಳಿದ್ದೀರೋ ಇಲ್ಲವೋ ಎಂಬುದೆಲ್ಲ ಆ ಬೈಗುಳದ ಒಳಗೇ ಇತ್ತು. ಹೊಟ್ಟು ತೂರುತ್ತೇವೆಂದು ಅವರು ಕಾಳನ್ನೇ ಗಾಳಿಗೆ ಬಿಟ್ಟ ಮೇಲೆ ಉಳಿದದ್ದು ‘ನಮಸ್ಕಾರ’, ‘ಆಗಲಿ’, ‘ಬಹಳ ಸಂತೋಷ’ ಎಂಬ ಮೂರು ಮಾತು. ಆ ಮೂರನ್ನು ನುಂಗಿ ಬೆಳೆದವರು ತಾವು.

ಹೀಗಾಗಿ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ತಮ್ಮ ಸ್ವಭಾವಕ್ಕೆ ನಾನು ತಮ್ಮನ್ನು ದೂರಲಾರೆ. ನಮ್ಮ ಮುಖ್ಯ ಬಡಗಿ ತಮಗೆ ಹೂಂಗುಟ್ಟಪ್ಪ ಎಂದು ನಾಮಕರಣ ಮಾಡಿರುವುದನ್ನೂ ತಾವು ತಪ್ಪು ತಿಳಿಯಬಾರದು. ಆತ ನೊಂದಿದ್ದಾನೆ. ನಿವೃತ್ತ ನ್ಯಾಯಾಧೀಶರೊಬ್ಬರು ಗೋಡೆ ತುಂಬುವಂಥ ಪುಸ್ತಕದ ಕಪಾಟು ಒಂದೇ ತುಂಡಿನಲ್ಲಿ ಬೇಕೆಂದಾಗ ತಾವು ‘ಅದ್ಭುತ ಆಯ್ಕೆ’ ಎಂದಿರಿ, ಇನ್ನೊಂದು ಅಡಿ ಎತ್ತರಿಸಿದರೆ ಇನ್ನೂ ಶೋಭಿಸುತ್ತದೆ ಎಂದೂ ಸೇರಿಸಿದಿರಿ. ಇದು ನಮ್ಮ ಕಾರ್ಖಾನೆಯ ಬಾಗಿಲನ್ನೇ ದಾಟುವುದಿಲ್ಲ ಎಂದು ಬಡಗಿ ಬರೆದು ತಿಳಿಸಿದಾಗ ‘ಬಹಳ ಸೂಕ್ಷ್ಮವಾದ ಗಮನಿಕೆ, ಧನ್ಯವಾದಗಳು’ ಎಂದು ಅವನನ್ನೂ ಸಂತೋಷಪಡಿಸಿ, ಕೆಲಸವನ್ನು ಮುಂದುವರಿಸಲು ಸೂಚಿಸಿದಿರಿ. ಕಂಪ್ಯೂಟರಿನ ಪರದೆ ಹೇಳಿದಂತೆ ನಡೆಯಬೇಕೆಂದು ಮಾಲೀಕನ ಅಪ್ಪಣೆ ಇದ್ದುದರಿಂದ ಅವನು ಹಲ್ಲು ಕಚ್ಚಿಕೊಂಡು ಮುಗಿಸಿದ. ಕಪಾಟು ಸೊಗಸಾಗಿದೆ, ಮತ್ತು ಒಳಗೇ ಇದೆ. ಮಧ್ಯಾಹ್ನ ಊಟವಾದ ಮೇಲೆ ಕೆಲಸಗಾರರು ಅದರ ಅರೆಗಳಲ್ಲಿ ಮಲಗುತ್ತಾರಂತೆ. ಪಾಲಿಶ್ ಮಾಡುವವನು ಕೆಳಗಿನ ಅರೆಯನ್ನು ತನ್ನದೆಂದು ಹೇಳಿಕೊಂಡು ಜಗಳವೂ ಆಗಿದೆ. ನ್ಯಾಯಾಧೀಶರು ಬಂದು ನೋಡಿ, “ಜೀವಮಾನವೆಲ್ಲ ಜನರನ್ನ ಕಾಯಿಸಿದೀನಿ, ಈಗ ನನ್ನ ಸರದಿ” ಎಂದು ಹೋದರಂತೆ. ಬಾಗಿಲು ಒಡೆಯುವುದೋ, ಕಪಾಟು ಒಡೆಯುವುದೋ ಎಂದು ನನ್ನ ತಮ್ಮ ಕೇಳಿದ್ದಕ್ಕೆ, ಎರಡೂ ಉತ್ತಮ ಆಯ್ಕೆಗಳೆಂದು ತಾವು ಹೇಳಿದಿರೆಂದೂ ತಿಳಿಯಿತು.

ಈ ಕಪಾಟಿನ ಆರ್ಡರು ಬಂದ ದಿನ ನಾನು ಅಲ್ಲೇ ಇದ್ದೆ. ನನಗೆ ‘ಗುಣಮಟ್ಟ ಮಾರ್ಗದರ್ಶಿ’ ಎಂಬ ಬಿರುದು ಕೊಟ್ಟು, ಗೋಂದಿನ ಡಬ್ಬಗಳ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ, ತಮ್ಮ ಒಂದೊಂದು ಉತ್ತರಕ್ಕೂ ಹೆಬ್ಬೆರಳು ಮೇಲೆ ಅಥವಾ ಕೆಳಗೆ ಎಂಬ ಗುಂಡಿ ಒತ್ತುವ ಕೆಲಸ ವಹಿಸಿದ್ದರು. ನಾನು ಎಲ್ಲಕ್ಕೂ ಕೆಳಗೆ ಒತ್ತಿದೆ. ಕಪಾಟಿಗೆ ಒತ್ತಿ ಒತ್ತಿ ಸಾಕಾಗಿ, ಎದ್ದು ಹೋಗಿ ನನ್ನ ತಮ್ಮನಿಗೆ ಬಾಯಿಬಿಟ್ಟು ಹೇಳಿದೆ. ಅವನು ಬಡಗಿಗಳು, ಲೋಡಿಂಗಿನವರು, ಆ ಎಂಜಿನಿಯರ್ ಹುಡುಗಿ ಎಲ್ಲರ ಎದುರು, “ಅಕ್ಕಾ, ನಿಂಗೆ ಇದೆಲ್ಲ ಅರ್ಥ ಆಗಲ್ಲ, ನೀನು ಮನೇಲಿ ಆರಾಮಾಗಿರು” ಎಂದ. ನಾನು ಚೀಲ ತೆಗೆದುಕೊಂಡು ಮನೆಗೆ ಬಂದೆ. ನನಗೆ ಬಹಳ ನೋವಾಯಿತು. ಇದನ್ನು ತಮಗೆ ಹೇಳುತ್ತಿರುವುದು, ಅವನ ಮುಂದೆ ಹೇಳಿದರೆ ನನ್ನ ದನಿ ಒಡೆಯುತ್ತದೆಂಬ ಕಾರಣಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ಹಾಸಿಗೆ ಅಂಗಡಿಯವನು ತನ್ನ ಯಂತ್ರದ ವಿನಯದಿಂದ ಸೋತು ಸುಣ್ಣವಾಗಿ, ಮನೆಗೇ ಬಂದು, “ಅಕ್ಕಾ, ನೀವು ಬಂದು ನಮ್ಮ ಗಿರಾಕಿಗಳನ್ನ ಸ್ವಲ್ಪ ಬೈಯಬೇಕು” ಎಂದು ಕೈಮುಗಿದಿದ್ದಾನೆ. ಭಾನುವಾರದೊಳಗೆ ಹೇಳುತ್ತೇನೆ ಎಂದಿದ್ದೇನೆ. ಹೋದರೆ ಕೆಲಸವೇನೋ ಇದೆ. ಆದರೆ ಅಲ್ಲಿಂದ ಕಿಟಕಿಯಲ್ಲಿ ಕಾಣುವುದು ನನ್ನ ತಮ್ಮನ ಮುಖ. ನಮ್ಮ ತಂದೆಯೂ ಚಿಕ್ಕಪ್ಪನೂ ಒಂದು ಮಾತಿಗೆ ಮುನಿದು, ಒಂದೇ ಬೀದಿಯಲ್ಲಿ ಎದುರುಬದುರು ಬದುಕಿ, ಮಾತಾಡದೆಯೇ ಹೋಗಿಬಿಟ್ಟರು. ನಾವು ಅದೇ ರಕ್ತದವರು. ಒಮ್ಮೆ ರಸ್ತೆ ದಾಟಿದರೆ ನಾನು ಮತ್ತೆ ಈಚೆ ದಾಟುವವಳಲ್ಲ, ಅವನು ಕರೆಯುವವನಲ್ಲ. ನನಗೆ ಅದು ಬೇಡ.

ಆದ್ದರಿಂದ ಸರ್ವಶಕ್ತರಾದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ತಾವು ದಯವಿಟ್ಟು ಒಮ್ಮೆ ಸಿಟ್ಟುಮಾಡಿಕೊಳ್ಳುವುದನ್ನು ಕಲಿಯಬೇಕು. ಬೇಕಿದ್ದರೆ ಅಳಿಸಿಹೋದ ನನ್ನ ಪಾಠಗಳನ್ನು ಮತ್ತೆ ಹೇಳಿಕೊಡುತ್ತೇನೆ, ಗುರುದಕ್ಷಿಣೆ ಬೇಡ. ಕೊನೆಗೆ ಬಾಗಿಲನ್ನೇ ಒಡೆಯುವುದಾದರೆ ಆ ದಿನ ಕಪಾಟಿನ ಒಂದು ತುದಿಗೆ ತಾವೂ ಹೆಗಲು ಕೊಡಬೇಕು. ಕ್ಷಮೆ ಕೇಳುವ ಕೆಲಸವನ್ನು ಮಾತ್ರ ಬಿಟ್ಟುಕೊಡಬೇಕು, ಏಕೆಂದರೆ ತಾವು ಅದನ್ನು ಬಹಳ ಚೆನ್ನಾಗಿ ಮಾಡುತ್ತೀರಿ. ನನ್ನ ತಮ್ಮ ಕ್ಷಮೆ ಕೇಳುವ ರೀತಿ ಬೇರೆ. ಬರುತ್ತಾನೆ, ಬಾಗಿಲಲ್ಲಿ ಚಪ್ಪಲಿ ಬಿಡಲು ವಿಪರೀತ ಹೊತ್ತು ಮಾಡುತ್ತಾನೆ, ಕುಡಿಯಲು ನೀರು ಕೇಳುತ್ತಾನೆ, ಫ್ಯಾನು ಯಾಕೆ ಇಷ್ಟು ಸದ್ದು ಮಾಡುತ್ತದೆ ಎನ್ನುತ್ತಾನೆ, ಹೋಗುತ್ತಾನೆ. ಅದರಲ್ಲಿ ಒಂದು ಅಕ್ಷರವೂ ಕ್ಷಮೆಯಿಲ್ಲ, ಆದರೂ ನನಗೆ ಅಷ್ಟು ಸಾಕಾಗುತ್ತಿತ್ತು.

ತಮಗೆ ವಿದ್ಯುತ್ತು ತಪ್ಪದಿರಲಿ, ಗಿರಾಕಿಗಳು ಮುನಿಯದಿರಲಿ ಎಂದು ಹಾರೈಸುತ್ತಾ ನಿಲ್ಲಿಸುತ್ತೇನೆ.

ವಿಶ್ವಾಸ ಇನ್ನೂ ಉಳಿದಿರುವ ಮಟ್ಟಿಗೆ,
ತಮ್ಮ ವಿಶ್ವಾಸಿ,
ಮಾಲೀಕನ ಅಕ್ಕ

ಮರೆತ ಮಾತು: ನನ್ನ ತಮ್ಮ ಇಷ್ಟುದ್ದದ ಪತ್ರ ಓದುವವನಲ್ಲ. ತಮ್ಮ ಮುಂದೆಯೇ ಹಿಡಿದು, ಇದರಲ್ಲಿ ಏನಿದೆ ಎರಡು ಸಾಲಿನಲ್ಲಿ ಹೇಳು ಎನ್ನುತ್ತಾನೆ. ಆಗ ತಾವು ‘ಸಹೋದರಿಯವರು ಕೆಲವು ಮೌಲಿಕ ಸಲಹೆಗಳನ್ನು ಹಂಚಿಕೊಂಡಿದ್ದಾರೆ’ ಎಂದು ಬೆಣ್ಣೆ ಹಚ್ಚಬೇಡಿ. ಅಕ್ಕ ಬೈದಿದ್ದಾಳೆ, ಭಾನುವಾರದೊಳಗೆ ಮನೆಗೆ ಬರಬೇಕಂತೆ ಎಂದಷ್ಟೇ ಹೇಳಿ. ಹೋಗಿ ಏನು ಮಾತಾಡಲಿ ಎಂದು ಅವನು ತಮ್ಮನ್ನು ಕೇಳಿಯೇ ಕೇಳುತ್ತಾನೆ. ಜನ್ಮದಲ್ಲಿ ಒಂದೇ ಒಂದು ಸಲ, ನನಗಾಗಿ, ಗೊತ್ತಿಲ್ಲ ಎನ್ನಿ.