ಈಸಾ ಪೈಗಂಬರರಿಗೊಂದು ಹಾಸಿಗೆ

ನಾನು ಆಡಬೇಕಾಗಿದ್ದು ಒಂದೇ ಒಂದು ಮಾತು: ‘ಅವಳನ್ನು ಅಲ್ಲಿಗೆ ಕಳಿಸಿದ್ದು ನಾನೇ.’ ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ನಾನು ಹೇಳಲಿಲ್ಲ. ಅದರಿಂದ ಏನೇನಾಯಿತು ಎಂದು ಹೇಳುವ ಮೊದಲು ನಮ್ಮಕ್ಕ ಎಂಥವಳು ಎಂದು ಹೇಳಬೇಕು. ಅಂಥವಳು ಹೊಸೂರಿನಿಂದ ಕೃಷ್ಣಗಿರಿಯವರೆಗೆ ಹುಡುಕಿದರೂ ಇನ್ನೊಬ್ಬಳು ಸಿಗುವುದಿಲ್ಲ. ಕ್ರಿಸ್‌ಮಸ್ ದಿನ ಚರ್ಚಿಗೆ ಹೋಗಿ ಅಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯೆಂದು ಬೊಂಬೆ ಜೋಡಿಸಿದ ಗೋದಲಿಯಲ್ಲಿ ತಪ್ಪು ಹುಡುಕಿ ಬರುವ ಮುಸಲ್ಮಾನ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಮ್ಮದು ಹತ್ತಿ ಎಕ್ಕಿ ಹಾಸಿಗೆ ಹೊಲಿಯುವ ಮನೆ. ಅಪ್ಪ ಆನೇಕಲ್ ಕಡೆಯಿಂದ ಬಂದು ತಮಿಳುನಾಡಿನ ಗಡಿಯ ಜೂಜುವಾಡಿಯಲ್ಲಿ ಅಂಗಡಿ ಇಟ್ಟವರು. ಮನೆಯಲ್ಲಿ ಕನ್ನಡ, ನಮಾಜಿಗೆ ಅರಬ್ಬಿ, ಗಿರಾಕಿಗೆ ತಮಿಳು, ಗಿರಾಕಿ ಜಗಳಕ್ಕೆ ನಿಂತರೆ ತೆಲುಗು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ, ಅಕ್ಕ ಮೂರಕ್ಕೇ ಬಿಟ್ಟಳು. ಉಳಿದ ವಿದ್ಯೆಯೆಲ್ಲ ಅಪ್ಪನ ಬಾಯಿಂದ ಬಂದದ್ದು. ಆಗಿನ್ನೂ ಹತ್ತಿ ಎಕ್ಕುವ ಮಿಷನ್ ಬಂದಿರಲಿಲ್ಲ. ಅಪ್ಪ ಹತ್ತಿ ಬಿಡಿಸುವ ಬಿಲ್ಲು ಮೀಟುತ್ತಾ ಪೈಗಂಬರರ ಕತೆ ಹೇಳುತ್ತಿದ್ದರು. ನಾನು ಇರುವೆಗಳ ಮಾತು ಬಲ್ಲ ಸುಲೈಮಾನರನ್ನು ಆರಿಸಿಕೊಂಡೆ. ಅಕ್ಕ ಈಸಾರನ್ನು ಆರಿಸಿಕೊಂಡಳು.

ಈಸಾ ಪೈಗಂಬರರು ಮಣ್ಣಿನಲ್ಲಿ ಹಕ್ಕಿ ಮಾಡಿ ಉಸಿರು ಊದಿದರೆ ಅಲ್ಲಾನ ಅಪ್ಪಣೆಯಿಂದ ಅದು ಹಾರಿ ಹೋಗುತ್ತಿತ್ತಂತೆ. ಕತೆ ಕೇಳಿದ ಮಾರನೆಯ ದಿನ ಅಕ್ಕ ಕೆರೆ ಮಣ್ಣಿನಲ್ಲಿ ಏಳು ಹಕ್ಕಿ ಮಾಡಿ, ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಕೆನ್ನೆ ನೋಯುವ ತನಕ ಊದಿದಳು. ಒಂದೂ ಅಲುಗಲಿಲ್ಲ. ಅಪ್ಪ ನಗುತ್ತಾ, ಅದಕ್ಕೆ ಮೇಲಿನವನ ಅಪ್ಪಣೆ ಬೇಕು ಎಂದರು. “ಕೇಳ್ಕಂಡಿವ್ನಿ, ಇನ್ನೂ ಬಂದಿಲ್ಲ” ಎಂದಳು, ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟು ಬಂದವಳ ಹಾಗೆ!

ನನಗೆ ಎರಡು ವರ್ಷವಿದ್ದಾಗ ಅಮ್ಮ ತೀರಿಹೋದಳು. ಎಂಟು ವರ್ಷದ ಅಕ್ಕನ ಸೊಂಟವೇ ನನಗೆ ತೊಟ್ಟಿಲಾಯಿತು. ನಾಲ್ಕು ವರ್ಷವಾದರೂ ನನಗೆ ಮಾತು ಬಂದಿರಲಿಲ್ಲವಂತೆ. ಬೇರೆ ಮನೆಯವರಾಗಿದ್ದರೆ ಬಜೆ ತೇಯ್ದು ನೆಕ್ಕಿಸುತ್ತಿದ್ದರು. ಅಕ್ಕ ನನಗೆ ಕತೆ ತೇಯ್ದಳು. ಮರ್ಯಮ್ ತಾಯಿ ಕೂಸನ್ನು ಎತ್ತಿಕೊಂಡು ಊರಿಗೆ ಬರುತ್ತಾಳೆ. ಗಂಡನಿಲ್ಲದವಳಿಗೆ ಮಗು ಎಲ್ಲಿಂದ ಬಂತು ಎಂದು ಜನ ಮುತ್ತಿಕೊಳ್ಳುತ್ತಾರೆ. ಆ ದಿನ ಯಾರ ಜೊತೆಗೂ ಮಾತಾಡುವುದಿಲ್ಲ ಎಂದು ಅವಳು ಹರಕೆ ಹೊತ್ತಿದ್ದಾಳೆ. ಒಂದು ಮಾತೂ ಆಡದೆ ಮಗುವಿನ ಕಡೆಗೆ ಕೈ ತೋರಿಸುತ್ತಾಳೆ. ತೊಟ್ಟಿಲ ಕೂಸನ್ನು ಏನು ಕೇಳುವುದು ಎಂದು ಜನ ಅನ್ನುವಾಗಲೇ ಕೂಸು ಬಾಯಿ ಬಿಟ್ಟು, ‘ನಾನು ಅಲ್ಲಾನ ದಾಸ’ ಎಂದು ಮಾತಾಡುತ್ತದೆ. ತಾಯಿಯ ಮಾನ ಉಳಿಯುತ್ತದೆ. ಇಷ್ಟು ಹೇಳಿ ಅಕ್ಕ ನನ್ನ ಗಲ್ಲ ಹಿಡಿದು, ಅವರು ತೊಟ್ಟಿಲಲ್ಲೇ ಮಾತಾಡಿದರು, ನಿನಗೇನು ಬಂದಿರೋದು ಎಂದು ಗದರುತ್ತಿದ್ದಳಂತೆ. ಕೊನೆಗೆ ನನಗೆ ಮಾತು ಬಂತು. ಎಷ್ಟು ಬಂತು ಅನ್ನುವುದು ಮುಂದೆ ತಿಳಿಯುತ್ತದೆ.

ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ನಾವು ಈಸಾ ಎನ್ನುವುದು ಯೇಸುವನ್ನೇ, ಅವರು ನಮಗೂ ದೊಡ್ಡ ಪೈಗಂಬರರೇ. ತಂದೆಯಿಲ್ಲದೆ ಹುಟ್ಟಿದರು ಎಂದು ನಾವೂ ಒಪ್ಪುತ್ತೇವೆ, ದೇವರ ಮಗ ಅನ್ನುವುದನ್ನು ಒಪ್ಪುವುದಿಲ್ಲ. ಶಿಲುಬೆಯ ಮೇಲೆ ಸತ್ತರು ಅನ್ನುವುದನ್ನೂ ಒಪ್ಪುವುದಿಲ್ಲ. ಅಲ್ಲಾ ಅವರನ್ನು ಮೇಲಕ್ಕೆ ಎತ್ತಿಕೊಂಡ, ಕೊನೆಗಾಲಕ್ಕೆ ಮತ್ತೆ ಇಳಿದು ಬರುತ್ತಾರೆ ಎನ್ನುತ್ತೇವೆ. ಇದು ಎಲ್ಲ ಮುಸಲ್ಮಾನರಿಗೂ ಗೊತ್ತು. ಗೊತ್ತಿದ್ದು ಸುಮ್ಮನಿರುತ್ತಾರೆ. ನಮ್ಮಕ್ಕನಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ.

ಮದುವೆಯಾದ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಮತ್ತೆ ನಮ್ಮ ಅಂಗಡಿಗೇ ಬಂದಳು. ನಮ್ಮ ಬೀದಿಯ ಕೊನೆಗೆ ಒಂದು ಚರ್ಚು. ಒಂದು ಕ್ರಿಸ್‌ಮಸ್‌ಗೆ ಗೋದಲಿ ನೋಡಲು ಹೋದವಳು ಸೀದಾ ಫಾದರ್ ಹತ್ತಿರ ಹೋಗಿ, ಹಸು ಇಟ್ಟಿದ್ದೀರಿ, ಕುರಿ ಇಟ್ಟಿದ್ದೀರಿ, ಖರ್ಜೂರದ ಮರ ಎಲ್ಲಿ ಎಂದು ಕೇಳಿದಳು. ಕುರಾನಿನಲ್ಲಿ ಮರ್ಯಮ್ ತಾಯಿ ಹೆರಿಗೆ ನೋವು ತಿಂದದ್ದು ಖರ್ಜೂರದ ಮರದ ಬುಡದಲ್ಲಿ. ಫಾದರ್ ವಯಸ್ಸಾದವರು, ಸಾಧು. ಅವಳ ಮನಸ್ಸು ಯಾಕೆ ನೋಯಿಸಬೇಕು ಎಂದು ಮುಂದಿನ ವರ್ಷ ಗೋದಲಿಯ ಪಕ್ಕದಲ್ಲಿ ಒಂದು ಹಸಿರು ಗರಿ ನೆಡಿಸಿ ಅವಳನ್ನೇ ಕರೆದು ತೋರಿಸಿದರು. ಅಕ್ಕ ಬಗ್ಗಿ ನೋಡಿದಳು. ಮುಟ್ಟಿ ನೋಡಿದಳು. “ಇದು ಈಚಲು ಫಾದರ್” ಎಂದಳು.

ಶಿಲುಬೆಯ ವಿಷಯಕ್ಕೂ ಇಬ್ಬರಿಗೂ ಚರ್ಚೆ ನಡೆಯಿತು. ಈಸಾ ಸಾಯಲೇ ಇಲ್ಲ, ಮೇಲಕ್ಕೆ ಹೋದರು ಎಂದು ಇವಳು. ಸತ್ತು, ಎದ್ದು, ಆಮೇಲೆ ಮೇಲಕ್ಕೆ ಹೋದರು ಎಂದು ಫಾದರ್. ಕೊನೆಗೆ ಅಕ್ಕನೇ ರಾಜಿ ಮಾಡಿದಳು.

“ಇಬ್ರೂ ಮೇಲಕ್ಕೇ ಕಳ್ಸಿದೀವಲ್ಲ ಬುಡಿ. ನಿಮ್ ದಾರಿ ವಸಿ ಸುತ್ತು.”

ಫಾದರ್ ನಕ್ಕು ಕಾಫಿ ತರಿಸಿದರಂತೆ. ಆಗ ನಾನೂ ನಕ್ಕಿದ್ದೆ. ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಕ್ಕಿದ್ದೆ. ಅಕ್ಕನಿಗೆ ಸ್ವಲ್ಪ ತಿಕ್ಕಲು ಎಂದು ಊರಿಗೆ ಹೇಳಿಕೊಟ್ಟವನೇ ನಾನು.

ಇನ್ನು ಆ ಹಾಸಿಗೆ. ಒಂದು ಸಲ ಬೂರುಗದ ಹತ್ತಿ ಬಹಳ ಚೆನ್ನಾಗಿದ್ದದ್ದು ಬಂತು. ಅಕ್ಕ ಅದರಲ್ಲಿ ಒಂದು ಹಾಸಿಗೆ ಹೊಲಿದು, ಸುರುಳಿ ಸುತ್ತಿ, ಅಟ್ಟದ ಮೇಲೆ ಇಟ್ಟಳು. ಗಿರಾಕಿ ಕೇಳಿದರೆ ಇಲ್ಲ, ಮದುವೆಯವರು ಕೇಳಿದರೂ ಇಲ್ಲ. ಯಾರಿಗೆ ಎಂದು ಕೇಳಿದೆ. ಈಸಾ ಪೈಗಂಬರರಿಗೆ ಎಂದಳು. ದಣಿದು ಬರುತ್ತಾರೆ, ಮಲಗುವುದು ಬೇಡವೆ? ಅವರು ಇಳಿಯುವುದು ಡಮಾಸ್ಕಸ್ಸಿನಲ್ಲಿ ಎಂದು ಮಸೀದಿಯ ಹಜರತ್ತರು ಹೇಳಿದ್ದು ನನಗೆ ನೆನಪಿತ್ತು. ಅಲ್ಲಿಂದ ಜೂಜುವಾಡಿಗೆ ಯಾಕೆ ಬರುತ್ತಾರೆ ಎಂದೆ.

“ಬೆಂಗ್ಳೂರಿಗೆ ಹೋಗೋರೆಲ್ಲ ಇದೇ ದಾರೀಲಿ ತಾನೆ ಕಣ್ಲಾ ಹೋಗೋದು?”

ಏನು ಹೇಳುತ್ತೀರಿ ಇದಕ್ಕೆ? ನಮ್ಮ ಗಡಿಯ ಟ್ರಾಫಿಕ್ಕಿನಲ್ಲಿ ಯಾರಾದರೂ ಅರ್ಧ ದಿನ ನಿಲ್ಲಲೇಬೇಕು ಅನ್ನುವುದು ಮಾತ್ರ ನಿಜ.

ನಗು ಇಲ್ಲಿಗೆ ಮುಗಿಯಿತು. ಚರ್ಚಿನವರ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಲವತ್ತು ಹಾಸಿಗೆ ಬೇಕು, ಅಲ್ಲೇ ಕೂತು ಹೊಲಿದುಕೊಡಬೇಕು ಎಂದು ಆರ್ಡರ್ ಬಂತು. ಹೋಗಬೇಕಾದವನು ನಾನು. ಆದರೆ ಆಗ ನನ್ನ ಮಗಳಿಗೆ ಗಂಡು ಹುಡುಕುತ್ತಿದ್ದೆ. ದಿನಾ ಚರ್ಚಿನ ಗೇಟಿನಲ್ಲಿ ಹೋಗಿ ಬರುವುದನ್ನು ಮಸೀದಿಯ ಜಮಾತಿನವರು ನೋಡಿದರೆ ಏನಂದುಕೊಳ್ಳುತ್ತಾರೋ ಎಂದು ಹೆದರಿದೆ. ಸೊಂಟ ಹಿಡಿದುಕೊಂಡಿದೆ ಎಂದು ಸುಳ್ಳು ಹೇಳಿ ಅಕ್ಕನನ್ನು ಕಳಿಸಿದೆ. ಅವಳು ಹೇಗೂ ತಿಕ್ಕಲು, ಅವಳು ಹೋದರೆ ಯಾರು ಏನನ್ನುತ್ತಾರೆ? ಪಾಪ, ಹೋಗುವ ಮೊದಲು ನನ್ನ ಸೊಂಟಕ್ಕೆ ಎಣ್ಣೆ ತಿಕ್ಕಿ ಹೋದಳು.

ತಿಂಗಳುಗಟ್ಟಲೆ ದಬ್ಬಣ ಹಿಡಿದು ಹೋದಳು, ಬಂದಳು. ಒಂದು ಭಾನುವಾರ ಹಾಸ್ಟೆಲಿನ ಬಾಗಿಲು ತೆಗೆಯುವ ತನಕ ಪ್ರಾರ್ಥನೆಯ ಹಾಲಿನ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಅದನ್ನು ಯಾರೋ ನೋಡಿದರು. ಒಂದೇ ವಾರದಲ್ಲಿ ಹಾಸಿಗೆ ಅಂಗಡಿಯವನ ಅಕ್ಕ ಮತ ಬಿಟ್ಟಳಂತೆ ಎಂದು ಊರೆಲ್ಲ ಸುದ್ದಿ.

ಆ ಹೊತ್ತಿಗೇ ಕೃಷ್ಣಗಿರಿಯಿಂದ ಗಂಡಿನವರು ಮಾತುಕತೆಗೆ ಬಂದರು. ಜೊತೆಗೆ ನಮ್ಮ ಮಸೀದಿಯ ಆಡಳಿತ ನೋಡುವ ಮುತವಲ್ಲಿ, ಇನ್ನಿಬ್ಬರು ಹಿರಿಯರು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಅಕ್ಕ ಶರಬತ್ತಿನ ತಟ್ಟೆ ಹಿಡಿದು ಒಳಗೆ ಬಂದಳು. ಹುಡುಗನ ತಂದೆ ಮರ್ಯಾದಸ್ಥರು. ಬಹಳ ಸಂಕೋಚದಿಂದಲೇ ಅವಳನ್ನು ಕೇಳಿದರು.

“ತಪ್ಪು ತಿಳ್ಕೋಬೇಡಿ ಅಮ್ಮ. ನೀವು ಚರ್ಚಿಗೆ ಹೋಗ್ತೀರಿ ಅಂತ ಜನ ಮಾತಾಡ್ತಾರೆ. ನಾಳೆ ನಾವು ನಾಲ್ಕು ಜನಕ್ಕೆ ಉತ್ತರ ಹೇಳ್ಬೇಕಲ್ಲ.”

ಅಕ್ಕ ತಟ್ಟೆ ಕೆಳಗಿಟ್ಟಳು. ಒಂದು ಮಾತೂ ಆಡಲಿಲ್ಲ. ಬಲಗೈ ಎತ್ತಿ ನನ್ನ ಕಡೆಗೆ ತೋರಿಸಿದಳು.

ಅವರಿಗೆ ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ಬುದ್ಧಿ ತಿಳಿಯುವ ಮೊದಲಿನಿಂದ ಮರ್ಯಮ್ ತಾಯಿಯ ಆ ಕತೆ ಕೇಳಿ ಬೆಳೆದವನು ನಾನು. ಅವಳ ಮುಖದಲ್ಲಿ ಒಂದು ಚೂರೂ ಗಾಬರಿ ಇರಲಿಲ್ಲ. ಇವನನ್ನು ಕೇಳಿ, ಇವನು ಹೇಳುತ್ತಾನೆ ಅನ್ನುವ ಧೈರ್ಯ. ಎಲ್ಲರೂ ನನ್ನ ಕಡೆ ತಿರುಗಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಚಾಪೆಯ ಅಂಚಿನಲ್ಲಿ ಎದ್ದಿದ್ದ ಒಂದು ಎಳೆಯನ್ನು ನೋಡುತ್ತಾ ಕೂತೆ. ತೊಟ್ಟಿಲ ಕೂಸಿಗೆ ಆದದ್ದು, ನಲವತ್ತೆಂಟು ವರ್ಷದ, ಗಡ್ಡ ನರೆತ ಗಂಡಸಿಗೆ ಆಗಲಿಲ್ಲ.

ಮುತವಲ್ಲಿ ನನ್ನನ್ನು ಕಾಪಾಡುತ್ತೇನೆ ಎಂದುಕೊಂಡೇ ಬಾಯಿ ಹಾಕಿದರು. “ಗಂಡ ಹೋದ್ಮೇಲೆ ಈಯಮ್ಮಂಗೆ ತಲೆ ವಸಿ ಸರಿಯಿಲ್ಲ. ಅಲ್ವೇನಪ್ಪಾ?”

ನಾನು ಹೌದೆಂದು ತಲೆ ಆಡಿಸಿದೆ.

ಸಂಬಂಧ ಕುದುರಿತು. ಶರಬತ್ತು ಕುಡಿದರು. ಅವರೆಲ್ಲ ಹೋದ ಮೇಲೆ ಅಕ್ಕ ಲೋಟ ತೊಳೆಯುತ್ತಾ ಕೇಳಿದಳು.

“ಕೈ ತೋರ್ಸಿದ್ನಲ್ಲ, ಕಾಣ್ಲಿಲ್ವೇನ್ಲಾ?”

“ಕಾಣ್ತು.”

“ಸರಿ ಬುಡು.”

ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮದುವೆಯ ದಿನ ಅವಳು ಬೀಗರ ಕಣ್ಣಿಗೆ ಬೀಳದ ಹಾಗೆ ಹಿಂದೆ ಅಡುಗೆಯವರ ಜೊತೆ ಇರಲಿ ಎಂದು ನಿಶ್ಚಯವಾಯಿತು. ಯಾರು ನಿಶ್ಚಯ ಮಾಡಿದರು ಎಂದು ಕೇಳಬೇಡಿ, ನಾನೇ. ಅವಳು ಈರುಳ್ಳಿ ಹೆಚ್ಚುತ್ತಾ ಕೂತಿದ್ದಳು. ಸಂಜೆ ಹೆಣ್ಣು ಒಪ್ಪಿಸುವ ಮೊದಲು ಅಟ್ಟ ಹತ್ತಿ ಆ ಹಾಸಿಗೆ ಇಳಿಸಿ, ಧೂಳು ಕೊಡವಿ, ಮಗಳ ಸಾಮಾನಿನ ಜೊತೆ ಗಾಡಿಗೆ ಹಾಕಿಸಿದಳು. ನಾನು ಬೇಡ ಎನ್ನಲು ಹೋದೆ. ಪೈಗಂಬರರು ಬರುವುದು ಇನ್ನೂ ತಡವಾಗಬಹುದು, ಮಗು ಮಲಗಲಿ ಎಂದಳು.

ವಾರದೊಳಗೆ ಮನೆ ಬಿಟ್ಟಳು. ಹಾಸ್ಟೆಲಿನ ಸಿಸ್ಟರ್ ಒಬ್ಬರಿಗೆ ಅಂಚೆಟ್ಟಿಯ ಆಚೆ ನಾಟ್ರಾಂಪಾಳ್ಯಕ್ಕೆ ವರ್ಗವಾಗಿತ್ತು. ಅಲ್ಲಿಯೂ ಬೆಟ್ಟದ ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲು. ಅಡುಗೆಗೆ, ಹೊಲಿಗೆಗೆ ಒಬ್ಬರು ಬೇಕಾಗಿದ್ದರು. ಅಕ್ಕ ಅವರ ಜೊತೆ ಬಸ್ಸು ಹತ್ತಿದಳು. ನೋಡಿದಿರಾ, ನಾವು ಹೇಳಿರಲಿಲ್ಲವೆ ಎಂದು ಊರು ಹೇಳಿತು. ಸುಳ್ಳನ್ನು ನಾನು ತಡೆಯಲಿಲ್ಲವಾದ್ದರಿಂದ ಅದು ನಿಜದ ಹಾಗೆ ಕಾಣತೊಡಗಿತು. ಅಂಗಡಿಗೆ ಬಂದವರು ಅಕ್ಕ ಎಲ್ಲಿ ಎಂದರೆ ನಾನು ದಿಂಬಿಗೆ ಹತ್ತಿ ತುಂಬುತ್ತಾ ಕೂರುತ್ತಿದ್ದೆ. ಎರಡು ವರ್ಷ ಹೀಗೇ ಹೋಯಿತು. ಒಂದು ಸಲವೂ ಹೋಗಿ ನೋಡಲಿಲ್ಲ.

ಮೊನ್ನೆ ಮಗಳು ಹೆರಿಗೆಗೆಂದು ಬಂದಳು. ಮಧ್ಯಾಹ್ನ ಊಟಕ್ಕೆ ಕೂತಾಗ, ಗಂಡಿನವರು ಬಂದ ದಿನ ಪರದೆಯ ಹಿಂದೆ ನಿಂತು ತಾನು ನೋಡಿದ್ದಾಗಿ ಹೇಳಿದಳು.

“ಅಪ್ಪ, ಅತ್ತೆ ಅವತ್ತು ನಿನ್ನ ಕಡೆ ಯಾಕೆ ಕೈ ತೋರ್ಸಿದ್ರು?”

ಹೇಳಿದೆ. ಮೊದಲ ಸಲ ಒಬ್ಬರಿಗೆ ಹೇಳಿದೆ. ಅವಳು ಅನ್ನದ ತಟ್ಟೆ ಪಕ್ಕಕ್ಕಿಟ್ಟು, ಫೋನ್ ತಂದು, ತನ್ನ ಮಾವನಿಗೆ ಹಚ್ಚಿ ನನ್ನ ಕೈಗೆ ಕೊಟ್ಟಳು. ಎಲ್ಲ ಹೇಳಿದೆ. ಆ ಕಡೆಯಿಂದ ಬೀಗರು ಕೇಳಿದರು.

“ಹಾಸಿಗೆ ಹೊಲಿಯಕ್ಕೆ ಹೋಗಿದ್ರಾ? ಅಷ್ಟೇನಾ? ನಮ್ಮಣ್ಣನ ಮಕ್ಕಳು ಓದಿದ್ದೇ ಚರ್ಚಿನ ಸ್ಕೂಲಲ್ಲಿ. ಅವತ್ತೇ ಹೇಳಿದ್ರೆ ಅಲ್ಲಿಗೇ ಮುಗೀತಿತ್ತಲ್ಲ ಬೀಗ್ರೆ.”

ಅಲ್ಲಿಗೇ ಮುಗಿಯುತ್ತಿತ್ತಂತೆ! ನಾನು ಯಾವ ಸಂಬಂಧ ತಪ್ಪೀತು ಎಂದು ಹೆದರಿದ್ದೆನೋ ಅದು ತಪ್ಪುತ್ತಲೇ ಇರಲಿಲ್ಲ. ಇರುವ ಒಬ್ಬ ಅಕ್ಕನನ್ನು ನಾನು ಸುಮ್ಮಸುಮ್ಮನೆ ಕಳೆದುಕೊಂಡಿದ್ದೆ. ಇದನ್ನು ಬರೆಯುವಾಗಲೂ ಆ ಮಾತು ಕಿವಿಯಲ್ಲಿದೆ, ಬಿಟ್ಟು ಹೋಗುವುದಿಲ್ಲ.

ಮಾರನೆಯ ಬೆಳಿಗ್ಗೆ ಡೆಂಕಣಿಕೋಟೆ, ಅಂಚೆಟ್ಟಿ ದಾಟಿ ಹೋದೆ. ಕಾಡು ದಾರಿ, ತಿರುವುಗಳು. ಹಾಸ್ಟೆಲಿನ ಗೇಟಿನಲ್ಲಿ ಸಿಸ್ಟರ್ ಸಿಕ್ಕರು. ಅಕ್ಕ ಸ್ಟೋರ್ ರೂಮಿನ ಮೂಲೆಯಲ್ಲಿ ಜಾನಮಾಜ್ ಹಾಸಿ ಐದು ಹೊತ್ತೂ ನಮಾಜ್ ಮಾಡುತ್ತಾಳಂತೆ. ಹತ್ತಿರದಲ್ಲಿ ಮಸೀದಿ ಇಲ್ಲ, ಬಾಂಗ್ ಕೇಳುವುದಿಲ್ಲ. ಹಾಗಾಗಿ ಹಾಸ್ಟೆಲಿನ ಹುಡುಗಿಯರೇ ಗಡಿಯಾರ ನೋಡಿ, ಅಮ್ಮಾ ಟೈಮ್ ಆಯ್ತು ಎಂದು ಕೂಗುತ್ತಾರಂತೆ. ಮತ ಬಿಟ್ಟವಳ ಕತೆ ಇದು!

ಮಕ್ಕಳು ವರಾಂಡದಲ್ಲಿ ಊಟಕ್ಕೆ ಕೂತಿದ್ದರು. ಅಕ್ಕ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಆದರೆ ಸಾಲು ಮುಗಿಯುವ ತನಕ ಬಡಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದಳು.

“ಸೊಂಟ ಹೆಂಗೈತ್ಲಾ?”

ಆ ಸುಳ್ಳನ್ನೂ ಅವಳು ನಂಬಿಯೇ ಇದ್ದಳು. ನಾನು ನಿಂತಲ್ಲೇ ಅತ್ತುಬಿಟ್ಟೆ. ಒಳಗೆ ಬಾ, ಅತ್ತರೆ ಮಕ್ಕಳು ಹೆದರುತ್ತಾರೆ ಎಂದು ಕೈ ಹಿಡಿದು ಎಳೆದಳು. ಒಳಗೆ ಹೇಳಿದರೆ ಅದು ಹೇಳಿದಂತಾಗುವುದಿಲ್ಲ ಎಂದು ನನಗೆ ಅನ್ನಿಸಿತು. ಅವಳ ಮಾನ ಹೋದದ್ದು ನಾಲ್ಕು ಜನರ ಮುಂದೆ. ಅಲ್ಲೇ, ಊಟಕ್ಕೆ ಕೂತ ಅಷ್ಟೂ ಮಕ್ಕಳ ಮುಂದೆ, ಸಿಸ್ಟರ್ ಮುಂದೆ, ದನಿ ಎತ್ತರಿಸಿ ಹೇಳಿದೆ.

“ಅಕ್ಕ, ನನ್ ಸೊಂಟಕ್ಕೆ ಏನೂ ಆಗಿರ್ಲಿಲ್ಲ. ಚರ್ಚಿಗೆ ನಿನ್ನ ಕಳ್ಸಿದ್ದು ನಾನೇ. ನೀನು ಕೈ ತೋರ್ಸಿದಾಗ ಹೇಳಕ್ಕೆ ಹೆದ್ರುಬುಟ್ಟೆ. ನಿಂಗೆ ತಲೆ ಸರಿಯಿಲ್ಲ ಅಂದಾಗ ಹೌದು ಅಂತ ತಲೆ ಆಡಿಸ್ಬುಟ್ಟೆ. ನಿನ್ ತಲೆ ಸರಿಯಾಗೇ ಐತೆ ಕಣಕ್ಕ. ತಪ್ಪು ಮಾಡ್ದೋನು ನಾನು. ನನ್ನ ಕ್ಷಮಿಸ್ಬುಡು.”

“ಈಗ ಬಂತೇನ್ಲಾ ಮಾತು?” ಎಂದು ಅಕ್ಕ, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆ, ನನ್ನ ಗಲ್ಲ ಹಿಡಿದಳು.