ಗದ್ದ ಸ್ವಲ್ಪ ಕೆಳಗೆ

ಫೋಟೋ ಸ್ಟುಡಿಯೋದವರನ್ನು ಕಟ್ಟಿಕೊಂಡರೆ ತನ್ನ ಫೋಟೋಗಳಿಗೆ ಬರ ಇರುವುದಿಲ್ಲ ಎಂದು ಮದುವೆಯಾದ ಹೊಸದರಲ್ಲಿ ಯಜಮಾನಿ ನಂಬಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎಂಬುದು ಅವಳಿಗಿನ್ನೂ ಗೊತ್ತಿರಲಿಲ್ಲ. ಊರಿನ ಮುಕ್ಕಾಲು ಪಾಲು ಮುಖಗಳನ್ನು ಪಾಸ್‌ಪೋರ್ಟ್ ಅಳತೆಗೆ ಇಳಿಸಿದ ಯಜಮಾನರು, ಹೆಂಡತಿ ಎರಡು ಫೋಟೋ ಕೇಳಿದರೆ ಮಾತ್ರ, “ನಾಳೆ ತೆಗೆದರಾಯ್ತು, ಮುಖ ಎಲ್ಲಿಗೆ ಓಡಿಹೋಗುತ್ತೆ?” ಎನ್ನುತ್ತಿದ್ದರು.

ಈ ಸಲ ಆ ಎರಡು ಫೋಟೋ ನಿಜವಾಗಿಯೂ ತುರ್ತಾಗಿ ಬೇಕಿದ್ದವು. ಅವಳ ಅಕ್ಕ ಪರದೇಶ ಪ್ರವಾಸಕ್ಕೆ ಹೊರಟಿದ್ದಳು, ಜೊತೆಗೆ ತಂಗಿಯೂ ಬರಲೇಬೇಕೆಂದು ಹಟ ಹಿಡಿದಿದ್ದಳು. ತಂಗಿಗೆ ಪಾಸ್‌ಪೋರ್ಟ್ ಇರಲಿಲ್ಲ. ಪಾಸ್‌ಪೋರ್ಟಿಗೆ ಫೋಟೋ ಇರಲಿಲ್ಲ. ಫೋಟೋ ತೆಗೆಯಬೇಕಾದ ಗಂಡನಿಗೆ ಸರಿಯಾಗಿ ಅದೇ ಹೊತ್ತಿಗೆ ಜ್ಞಾನೋದಯವಾಗಿತ್ತು.

ಆದದ್ದು ಇಷ್ಟು. ಛಾಯಾಗ್ರಾಹಕರ ಸಂಘದ ಪ್ರದರ್ಶನದಲ್ಲಿ ರಸ್ತೆಯ ಎದುರುಬದಿಯ ಸ್ಟುಡಿಯೋದವನಿಗೆ, ಎಲ್ಲರ ಬಾಯಲ್ಲಿ ‘ಝೂಮ್’ ಎನಿಸಿಕೊಂಡವನಿಗೆ, ಒಂದು ಸೂರ್ಯಾಸ್ತಕ್ಕಾಗಿ ಮೊದಲ ಬಹುಮಾನ ಬಂತು. (ಸೂರ್ಯ ದಿನಾ ಮುಳುಗುತ್ತಾನೆ, ಅದರಲ್ಲಿ ಝೂಮನ ಹೆಚ್ಚುಗಾರಿಕೆ ಏನೆಂದು ಯಜಮಾನರಿಗೆ ಇವತ್ತಿಗೂ ಅರ್ಥವಾಗಿಲ್ಲ.) ಕಾರ್ಯದರ್ಶಿ ಯಜಮಾನರ ಕಡೆ ತಿರುಗಿ, “ನಿಮ್ದು ಯಾವ್ದೂ ಇಟ್ಟಿಲ್ವಾ ಸಾರ್? ಓ, ನೀವು ಪಾಸ್‌ಪೋರ್ಟಿನವರು ಅಲ್ವಾ” ಎಂದರು. ಆ ಮಾತು ಯಜಮಾನರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಕಿಟಕಿಯಿಲ್ಲದ ಕೋಣೆ, ಹಿಂದೊಂದು ಬಿಳಿ ಬಟ್ಟೆ, ತಿರುಗುವ ಸ್ಟೂಲು, ಕನ್ನಡಿಗೆ ದಾರದಿಂದ ಕಟ್ಟಿದ ಬಾಚಣಿಗೆ, ಎಲ್ಲರಿಗೂ ಕೊಡುವ ಆದರೆ ಯಾರಿಗೂ ಸರಿಹೋಗದ ಒಂದು ಕಪ್ಪು ಕೋಟು: ಇದು ಅವರ ಸಾಮ್ರಾಜ್ಯ. ಅಲ್ಲಿ ಮಳೆಯಿಲ್ಲ, ಮೋಡವಿಲ್ಲ. ಬೆಳಕು ಅವರು ಸ್ವಿಚ್ಚು ಒತ್ತಿದಾಗ ಬರುತ್ತಿತ್ತು, ಬೇಡವೆಂದಾಗ ಹೋಗುತ್ತಿತ್ತು. ಅಲ್ಲಿ ಅವರು ದಿನವಿಡೀ ಹೇಳುತ್ತಿದ್ದ ಮಂತ್ರ ಒಂದೇ, “ಗದ್ದ ಸ್ವಲ್ಪ ಕೆಳಗೆ.” ಊಟಕ್ಕೆ ಕೂತಾಗಲೂ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆಂದು, ಬೈಸಿಕೊಂಡದ್ದುಂಟು.

“ನಾನಿನ್ನು ಮುಖ ತೆಗೆಯೋದಿಲ್ಲ. ಇನ್ನೇನಿದ್ರೂ ಪ್ರಕೃತಿ,” ಎಂದು ಅವರು ಮನೆಯಲ್ಲಿ ಘೋಷಿಸಿದರು.

“ಪ್ರಕೃತಿಗೆ ಹೋಗೋ ಮುಂಚೆ ನನ್ನದೊಂದು ತೆಗೆದುಬಿಡಿ. ಎರಡು ನಿಮಿಷದ ಕೆಲಸ.”

“ಕಲಾವಿದನಿಗೆ ಎರಡು ನಿಮಿಷದ ಕೆಲಸ ಅಂತ ಇರೋದಿಲ್ಲ ಕಣೇ.”

“ಹಾಗಾದ್ರೆ ಬಿಡಿ, ಎದುರುಗಡೆ ಝೂಮ್ ಹತ್ರ ತೆಗೆಸ್ಕೊಂಡು ಬರ್ತೀನಿ.”

ಯಜಮಾನರು ಬೆಚ್ಚಿಬಿದ್ದರು. ಸ್ವಂತ ಹೆಂಡತಿ ಝೂಮನ ಸ್ಟೂಲಿನ ಮೇಲೆ ಕೂತರೆ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಕೂಡಲೇ ಸಂಧಾನಕ್ಕೆ ಇಳಿದರು. ಬೆಟ್ಟದ ಮೇಲಿನ ಕೆರೆಗೆ ಹೋಗಿ ಬಂದ ತಕ್ಷಣ ತೆಗೆಯುತ್ತೇನೆ, ನೀನೂ ಬಾ, ಕೆರೆ ನೋಡಿದ ಹಾಗೂ ಆಯಿತು ಎಂದರು.

ಕೆರೆ ಎಂದ ಕೂಡಲೇ ಅವಳು ಮೆತ್ತಗಾದಳು. ಮದುವೆಯಾದ ವಾರ ಇದೇ ಸ್ಟುಡಿಯೋದಲ್ಲಿ, ಕೆರೆ ಬೆಟ್ಟಗಳ ಚಿತ್ರ ಬರೆದ ಪರದೆಯ ಮುಂದೆ ಇಬ್ಬರೂ ನಿಂತು ತೆಗೆಸಿಕೊಂಡ ಫೋಟೋ ಒಂದಿತ್ತು. ಅವತ್ತು ಅವರು, “ನಿಜವಾದ ಕೆರೆ ತೋರಿಸ್ತೀನಿ ನೋಡ್ತಿರು” ಎಂದಿದ್ದರು. ಪರದೆಗೆ ಗೆದ್ದಲು ಹಿಡಿದು ಎಸೆದದ್ದೂ ಆಯಿತು, ಅವಳು ಮಾತ್ರ ನೋಡುತ್ತಲೇ ಇದ್ದಳು.

ದೂರದ ಬೆಟ್ಟ ನುಣ್ಣಗೆ ಎನ್ನುವುದು ಸುಳ್ಳಲ್ಲ. ಹತ್ತಿರ ಹೋದಾಗ ಬೆಟ್ಟವೇ ಕಾಣಲಿಲ್ಲ. ಮೊದಲ ದಿನ ಮಳೆ. ಎರಡನೆಯ ದಿನ ಮಂಜು. ಅಲ್ಲೊಂದು ಕೆರೆಯಿದೆ ಎನ್ನುವುದಕ್ಕೆ ಲಾಡ್ಜಿನವನ ಮಾತೊಂದೇ ಆಧಾರವಾಗಿತ್ತು. ಯಜಮಾನರು ದಡದಲ್ಲಿ ಮುಕ್ಕಾಲಿ ಸ್ಟ್ಯಾಂಡು ನೆಟ್ಟು ಬೆಳಕಿಗಾಗಿ ತಪಸ್ಸಿಗೆ ನಿಂತರು. ಯಜಮಾನಿ ಅವರ ಬೆನ್ನ ಹಿಂದೆ ಕೊಡೆ ಹಿಡಿದು ನಿಂತಳು. (ಕೊಡೆ ಕ್ಯಾಮೆರಾಕ್ಕೆ. ಹೆಂಡತಿಗೆ ನೆಗಡಿಯಾದರೆ ಕಷಾಯವಿದೆ, ಲೆನ್ಸಿಗೆ ಆದರೆ ಏನು ಮಾಡುವುದು?)

ಎರಡನೆಯ ದಿನ ಮಧ್ಯಾಹ್ನ ಲಾಡ್ಜಿನಲ್ಲಿ ಊಟಕ್ಕೆ ಕೂತಾಗ ಕಿಟಕಿಯಾಚೆ ಒಮ್ಮೆಲೇ ಮಂಜು ಸರಿದು ಬೆಳಕಾಯಿತು. ಅವಳು ಎದ್ದೇಬಿಟ್ಟಳು.

“ಕೂತ್ಕೋ. ಮಧ್ಯಾಹ್ನದ ಬೆಳಕಲ್ಲಿ ಕೆರೆ ನೋಡಬಾರದು, ಸಪ್ಪೆಯಾಗಿರುತ್ತೆ.”

“ನನಗೆ ಸಪ್ಪೆಯಾದ್ರೂ ಪರವಾಗಿಲ್ಲ, ರೀ.”

“ನಾಳೆ ಮುಂಜಾನೆ ನೋಡುವೆಯಂತೆ. ಆಗ ಅದಕ್ಕೊಂದು ಬೆಲೆ.”

ವಾದ ಮುಗಿಸಿ ಅವಳು ಕೈ ತೊಳೆದು ಬರುವಷ್ಟರಲ್ಲಿ ಮಂಜು ಮತ್ತೆ ಇಳಿದಿತ್ತು. ಅವಳು ಮಾತಾಡಲಿಲ್ಲ. ಅವಳು ಬೈದರೆ ಯಜಮಾನರು ನಿಶ್ಚಿಂತೆಯಿಂದ ಇರುತ್ತಿದ್ದರು, ಮಾತಾಡದಿದ್ದರೆ ಮಾತ್ರ ಸ್ವಲ್ಪ ಭಯಪಡುತ್ತಿದ್ದರು.

ಮೂರನೆಯ ಮುಂಜಾನೆ, ಹೊರಡುವ ದಿನ, ಅದು ಬಂತು. ಮೋಡ ಒಂದು ಕಡೆ ಸೀಳಿ, ಅಲ್ಲಿಂದ ಬಿದ್ದ ಬೆಳಕು ಎದುರು ಬೆಟ್ಟದ ನೆತ್ತಿ ಹಿಡಿದು ಕೆಳಗಿಳಿಯತೊಡಗಿತು. ಕಪ್ಪಾಗಿದ್ದ ನೀರು ಅಂಚಿನಿಂದ ಒಂದೊಂದೇ ಗೇಣು ಚಿನ್ನದ ಬಣ್ಣಕ್ಕೆ ತಿರುಗಿತು. ಝೂಮನ ಸೂರ್ಯಾಸ್ತ ಇದರ ಮುಂದೆ ಬೆಂಕಿಕಡ್ಡಿಗೆ ಸಮ ಎಂದುಕೊಂಡು ಯಜಮಾನರು ಕ್ಯಾಮೆರಾಕ್ಕೆ ಕಣ್ಣಿಟ್ಟರು.

ಕಣ್ಣಿಗೆ ಕಂಡದ್ದು ಯಜಮಾನಿಯ ಬೆನ್ನು. ಕೊಡೆ ಮಡಚಿಟ್ಟು, ಮೂರು ದಿನ ಕಾದವಳು, ಎರಡು ಹೆಜ್ಜೆ ಮುಂದೆ ಹೋಗಿ ನಿಂತಿದ್ದಳು.

“ಲೇ, ಅಡ್ಡ ಬಂದೆ ಕಣೇ,” ಎಂದು ಕೂಗಿದರು.

ಅವಳು ತಿರುಗಿದಳು.

ಅವಳು ಪಕ್ಕಕ್ಕೆ ಸರಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಚೌಕಟ್ಟಿನ ನಟ್ಟನಡುವೆ ಒಂದು ಮುಖ, ನೇರವಾಗಿ ಅವರನ್ನೇ ನೋಡುತ್ತ ನಿಂತಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಯಜಮಾನರ ಕೈಗಳು ಅವರನ್ನು ಕೇಳದೆಯೇ ಬೆಟ್ಟದ ಲೆನ್ಸು ಬಿಚ್ಚಿ ಮುಖದ ಲೆನ್ಸು ತೊಡಿಸಿದವು.

“ಗದ್ದ ಸ್ವಲ್ಪ ಕೆಳಗೆ,” ಎಂದಿತು ಬಾಯಿ.

“ರೀ, ಕೆರೆ...”

“ಅಲ್ಲಾಡಬೇಡ. ಎಡಭುಜ ಇಳಿಸು. ಕಿವಿ ಕಾಣ್ತಿಲ್ಲ.” ಅವರೇ ಓಡಿಹೋಗಿ ಅವಳ ಕಿವಿಯ ಮೇಲಿನ ಕೂದಲು ಸರಿಸಿ, ಶಾಲಿನ ಎರಡು ಅಂಚು ಸಮ ಮಾಡಿ, ಓಡಿಬಂದರು. ಅವಳ ಬೆನ್ನ ಹಿಂದೆ ಬೆಳಕು ಕೆರೆಯ ನಡುವಿಗೆ ಬಂದಿತ್ತು. ಅದನ್ನು ಅವಳು ನೋಡುವಂತಿರಲಿಲ್ಲ, ಅವರು ನೋಡುತ್ತಿರಲಿಲ್ಲ. “ನಗಬೇಡ,” ಎಂದರು. ನಗುವ ಯಾವ ಲಕ್ಷಣವೂ ಅವಳಲ್ಲಿ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಕಣಿವೆಯಿಂದ ಮಂಜು ಸದ್ದಿಲ್ಲದೆ ಬಂದು ಬೆಟ್ಟವನ್ನೂ ಕೆರೆಯನ್ನೂ ಒಟ್ಟಿಗೆ ಮುಚ್ಚಿತು. ಅವಳ ಹಿಂದೆ ಈಗ ಇದ್ದದ್ದು ಬರೀ ಬಿಳುಪು. ಒಂದು ಸುಕ್ಕಿಲ್ಲ, ಒಂದು ನೆರಳಿಲ್ಲ. ಆಹಾ, ಎಂಥ ಹಿನ್ನೆಲೆ, ಎಂದು ಯಜಮಾನರ ವೃತ್ತಿಜೀವ ತಣಿಯಿತು. ಕ್ಲಿಕ್ ಎಂದಿತು.

ಆಮೇಲೆ ಅವರಿಗೆ ಜ್ಞಾಪಕ ಬಂತು.

ಅವಳು ತಿರುಗಿ ನೋಡಿದಳು. “ಎಲ್ರೀ ಕೆರೆ?”

“ಇತ್ತು,” ಎಂದರು ಯಜಮಾನರು. “ಈಗ ತಾನೇ ಇತ್ತು.”

ಬಸ್ಸು ಹೊರಡುವವರೆಗೂ ಮಂಜು ಕದಲಲಿಲ್ಲ. ಊರಿಗೆ ಬಂದು ನೋಡಿದರೆ ಉಳಿದ ಫೋಟೋಗಳಲ್ಲೆಲ್ಲ ಮಳೆಹನಿ, ಕತ್ತಲು, ಕೊಡೆಯ ತುದಿ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎನ್ನೋಣವೆಂದರೆ ಇಲಿ ಸುಮ್ಮನಿರುವುದಿಲ್ಲ. ನಿಷ್ಕಳಂಕವಾಗಿದ್ದದ್ದು ಒಂದೇ: ಎರಡು ಕಿವಿ, ಸಮನಾದ ಭುಜ, ಬಿಳಿ ಹಿನ್ನೆಲೆ. ಪಾಸ್‌ಪೋರ್ಟ್ ಕಚೇರಿಯವರು ಅದನ್ನು ಮರುಮಾತಿಲ್ಲದೆ ತೆಗೆದುಕೊಂಡರಂತೆ. ಸಂಘದ ಮುಂದಿನ ಪ್ರದರ್ಶನಕ್ಕೆ ಕಳಿಸಲು ಮಾತ್ರ ಯಜಮಾನರ ಹತ್ತಿರ ಏನೂ ಇರಲಿಲ್ಲ.

ಪರದೇಶಕ್ಕೆ ಹೊರಡುವ ದಿನ ಯಜಮಾನಿ ಸೂಟ್‌ಕೇಸಿನ ಬೀಗ ಹಾಕುತ್ತ ಹೇಳಿದಳು, “ಅಲ್ಲಿ ಐದು ಕೆರೆ ಇವೆಯಂತೆ. ನಾನು ಎಲ್ಲದರ ಮುಂದೂ ನಿಂತ್ಕೊಂಡು ನೋಡ್ತೀನಿ. ಅಡ್ಡ ಬಂದೆ ಅನ್ನೋಕೆ ಅಕ್ಕನಿಗೆ ಧೈರ್ಯ ಇಲ್ಲ.”

ಯಜಮಾನರು ನಕ್ಕರು. ಆದರೆ ಅವಳ ಟ್ಯಾಕ್ಸಿ ತಿರುವು ದಾಟಿದ ಮೇಲೆ ಅವರಿಗೆ ನಿಜವಾಗಿ ಬೇಸರವಾಯಿತು. ಅವಳು ಇದುವರೆಗೆ ಕಂಡ ಕೆರೆಯೆಂದರೆ ಮದುವೆ ಹೊಸದರ ಫೋಟೋದ ಆ ಪರದೆಯದ್ದೇ ಎಂದು ಆ ಮಂಜಿನಲ್ಲೇ ಅವರಿಗೆ ಹೊಳೆಯಬೇಕಿತ್ತು.

ನಾಲ್ಕು ದಿನ ಬ್ರೆಡ್ಡು ತಿಂದ ಮೇಲೆ ಮೊಬೈಲಿಗೆ ಒಂದು ಫೋಟೋ ಬಂತು. ಸಂಜೆಬೆಳಕು, ಕೆರೆ, ಬೆಟ್ಟ, ಅರ್ಧ ಕರಗಿದ ಮೋಡ. ಯಜಮಾನರು ತುಂಬ ಹೊತ್ತು ನೋಡಿದರು. ಆಮೇಲೆ ‘ನೀರಿನ ಗೆರೆ ಎಡಕ್ಕೆ ವಾಲಿದೆ’ ಎಂದು ಬರೆದರು. ‘ನೀವು ನೆಟ್ಟಗೆ ಮಾಡ್ಕೊಳ್ಳಿ, ನಾವು ನೋಡ್ತಾ ಇದ್ದೀವಿ’ ಎಂದು ಉತ್ತರ ಬಂತು.

ಅವರು ನೆಟ್ಟಗೆ ಮಾಡಿದರು. ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಕ್ಯಾಮೆರಾದ ಹಿಂದಿನ ಗೋಡೆಗೆ, ಸ್ಟೂಲಿನಲ್ಲಿ ಕೂತವರಿಗೆ ಎದುರಾಗಿ ಕಾಣುವಂತೆ ತೂಗುಹಾಕಿದರು. ಮುಖ ತೆಗೆಯುವುದಿಲ್ಲ ಎಂಬ ಘೋಷಣೆ ಎಲ್ಲಿ ಹೋಯಿತೋ, ಯಾರೂ ಕೇಳಲಿಲ್ಲ.

ಮರುದಿನವೇ ಝೂಮ್ ಬಂದ. ಅವನಿಗೂ ಪಾಸ್‌ಪೋರ್ಟ್ ಆಗಬೇಕಿತ್ತು, ತನ್ನ ಮುಖ ತಾನೇ ತೆಗೆದುಕೊಳ್ಳುವ ಹಾಗಿರಲಿಲ್ಲ.

“ಮುಖ ಅಂದ್ರೆ ನೀವೇ ಸಾರ್,” ಎಂದು ಸ್ಟೂಲಿನ ಮೇಲೆ ಕೂತವನು ಗೋಡೆ ನೋಡಿ ಬಾಯಿ ತೆರೆದ. “ಅಬ್ಬಾ, ಎಂಥ ಬೆಳಕು ಹಿಡಿದಿದ್ದೀರಿ. ಇದನ್ನ ಯಾಕೆ ಪ್ರದರ್ಶನಕ್ಕೆ ಕೊಡ್ಲಿಲ್ಲ? ನೀವೇ ತೆಗೆದಿದ್ದು ತಾನೆ?”

ಯಜಮಾನರು ನಿಧಾನವಾಗಿ ಕ್ಯಾಮೆರಾದ ಹಿಂದೆ ಬಗ್ಗಿದರು.

“ಗದ್ದ ಸ್ವಲ್ಪ ಕೆಳಗೆ,” ಎಂದರು. “ಮಾತಾಡಬೇಡಿ.”