ಎತ್ತುಗಳಿಗೆ ನಾನು ರೈಲಾದದ್ದು

ನನ್ನ ಸೋದರಮಾವನಷ್ಟು ಅಪಾಯಕಾರಿಯಾದ ಯೂನಿವರ್ಸಿಟಿ ಈ ಮೈಸೂರು ಸೀಮೆಯಲ್ಲಿ ಇನ್ನೊಂದಿಲ್ಲ! ನಗಬೇಡಿ. ಇವತ್ತಿಗೂ ಒಲೆಯ ಮೇಲೆ ನೀರು ಕುದಿದು ಸುಯ್ ಎಂದರೆ ನಾನು ಗೋಡೆಗೆ ಅಂಟಿಕೊಂಡು ನಿಲ್ಲುತ್ತೇನೆ. ಯಾಕೆ ಅಂತೀರಾ?

ಮದರಾಸಿನವರು ನನಗೆ ಬಿ.ಎ. ಕೊಟ್ಟರು. ತಿರುಮಕೂಡಲು ನರಸೀಪುರದ ಕಚೇರಿಯಲ್ಲಿ ಗುಮಾಸ್ತೆ ಕೆಲಸವೂ ಸಿಕ್ಕಿತು. ಮಾವನಿಗೆ ಮಾತ್ರ ಸಮಾಧಾನವಿಲ್ಲ. “ಓದ್ಸಿ ಬೀದಿಗ್ ಬುಟ್ಬುಟ್ರೆ ಆಯ್ತಾ? ಆಮೇಕೆ ಬದುಕೋದ್ ಯಾರ್ ಕಲ್ಸಾರು?” ಎಂದು ನನ್ನನ್ನು ತನ್ನ ಮನೆಗೆ ಕರೆಸಿಕೊಂಡ. ಕಪಿಲಾ ಹೊಳೆಯ ಈಚೆ, ನಂಜನಗೂಡಿನ ಎದುರು ದಡದಲ್ಲಿ ಅವನ ಮನೆ.

ಮೊದಲ ಪಾಠ, ಕಾಯುವುದು. ಮಾವ ರುಮಾಲು ಸುತ್ತಿ ಅಮಲ್ದಾರನಾಗಿ ಜಗಲಿಯಲ್ಲಿ ಕೂತ. ನಾನು ಅರ್ಜಿದಾರ, ಅಂಗಳದಲ್ಲಿ ನಿಂತೆ. ಮಧ್ಯಾಹ್ನದವರೆಗೂ ಅವನು ತಲೆ ಎತ್ತದೆ ಅವರೆಕಾಯಿ ಸುಲಿದ. ಕೊನೆಗೆ, “ನಾಳೆ ಬಾ.”

“ಮಾವಾ, ಊಟ?”

“ಅದ್ಕೂ ನಾಳೆ ಬಾ! ಅರ್ಜಿ ಕೊಡೋರ್ ಕಾಲ್ನೋವು ಮೊದ್ಲು ನಿಂಗ್ ಗೊತ್ತಾಗ್ಲಿ, ಬಿ.ಎ. ಸಾಯೇಬ!”

ಎರಡನೆಯ ಪಾಠ ಎತ್ತುಗಳಿಗೆ. ನನ್ನನ್ನು ನರಸೀಪುರಕ್ಕೆ ಬಿಡಲು ಹೊಸ ಜೋಡಿ ತಂದಿದ್ದ. ಕಪಿಲೆಯ ಸೇತುವೆ ದಾಟಬೇಕು. ಆ ಸೇತುವೆಯ ಮೇಲೆ ಗಾಡಿದಾರಿಯ ಪಕ್ಕದಲ್ಲೇ ರೈಲಿನ ಕಂಬಿ! “ಎತ್ತು ಬೆದರ್ತವೆ ಕಣ್ಲಾ. ಮುಂಚೇನೇ ತಯಾರ್ ಮಾಡ್ಬೇಕು.”

ರೈಲಾಗುವವರು ಯಾರು? ಬಿ.ಎ. ಪಾಸಾದ ನಾನು! ತಂಬಿಗೆ ಬಡಿಯುತ್ತ, ಕೂ ಎಂದು ಕೂಗುತ್ತ ಎತ್ತುಗಳ ಎದುರಿಗೆ ಓಡಿ ಬರಬೇಕು. ಅವು ಬೆದರದಿದ್ದರೆ ನನ್ನ ಕೈಯಿಂದಲೇ ಕಡಲೆಕಾಯಿ ಹಿಂಡಿ ತಿನ್ನಿಸಬೇಕು. ಅತ್ತೆ ಬಾಗಿಲಲ್ಲಿ ನಿಂತು, “ಅಯ್ಯೋ, ನಿಮ್ಮಕ್ಕ ಮಗನ್ನ ಓದ್ಸಿದ್ದು ಇದ್ಕಾ!” ಎಂದಳು. ಕೆಲವೇ ದಿನದಲ್ಲಿ, ನಾನು ಕೂಗಿದರೆ ಸಾಕು, ಎತ್ತುಗಳು ನಾಲಗೆ ಚಾಚಿಕೊಂಡು ನನ್ನತ್ತಲೇ ಬರತೊಡಗಿದವು.

“ಫಸ್ಟ್ ಕ್ಲಾಸು!” ಎಂದ ಮಾವ, ಮೀಸೆ ತಿರುವುತ್ತ.

ಹೊರಟ ದಿನ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಹಗ್ಗ ನನ್ನ ಕೈಯಲ್ಲಿತ್ತು. ನಡುಸೇತುವೆಗೆ ಬಂದಿದ್ದೆವು. ನಂಜನಗೂಡಿನ ಕಡೆಯಿಂದ ಕೂ ಎಂಬ ಸದ್ದು ಬಂತು. ಕಲ್ಲು ನಡುಗಿತು. ಎತ್ತುಗಳು ಬೆದರಿದವೇ? ಇಲ್ಲ! ಹಿಂಡಿ ಬಂತೆಂದು ನಾಲಗೆ ಚಾಚಿ ಕಂಬಿಯ ಕಡೆಗೇ ನಡೆದವು! ಎಳೆದೆ. ಅಂಗೈ ಸುಲಿಯಿತು. ಅವು ನಿಲ್ಲಲಿಲ್ಲ. 

ಮಾವ ಗಾಡಿಯಿಂದ ಧುಮುಕಿದ. ಕಂಬಿಗೆ ಬೆನ್ನು ಮಾಡಿ, ನೊಗಕ್ಕೆ ಎದೆ ಕೊಟ್ಟು ನಿಂತ.

“ಇಳೀ ಮಗಾ! ಆ ಕಡೀಕ್ ಇಳೀ!”

ಅಷ್ಟು ದಿನ ಬಿ.ಎ. ಸಾಹೇಬನಾಗಿದ್ದವನು ಆಗ ಮಗನಾದೆ. ಹಾರಿ, ಸೇತುವೆಯ ಅಂಚುಗೋಡೆಗೆ ಅಂಟಿಕೊಂಡೆ. ಕಪ್ಪು ಇಂಜಿನ್ನು ಅವನ ಬೆನ್ನು ಸವರಿಕೊಂಡೇ ಹೋಯಿತು. ಆವಿಯಲ್ಲಿ ಮಾವ ಮುಚ್ಚಿಹೋದ. ಒಂದರ ಹಿಂದೆ ಒಂದು ಡಬ್ಬಿ ಹೋಗುತ್ತಲೇ ಇತ್ತು. ನನ್ನ ಮಟ್ಟಿಗೆ ಆ ರೈಲು ಇನ್ನೂ ಪೂರ್ತಿ ದಾಟಿಲ್ಲ.

ಆವಿ ಕರಗಿತು. ಮಾವ ಇದ್ದ! ರುಮಾಲು ಹೊಳೆಯ ಪಾಲಾಗಿತ್ತು. ಎತ್ತುಗಳು ಅವನ ಕೈ ಮೂಸುತ್ತಿದ್ದವು. ಗಾಡಿಯಿಂದ ಹಿಂಡಿ ತೆಗೆದು ತಿನ್ನಿಸಿದ.

“ಅವುನ್ನ ಬಯ್ಬ್ಯಾಡ ಕಣ್ಲಾ. ಕಲ್ಸಿದ್ದನ್ನೇ ಮಾಡ್ದೋ. ನಿಂಗೂ ಅಂಗೇ ಏನಾರ ತಪ್ಪು ಕಲ್ಸ್ಬುಟ್ಟಿದ್ರೆ…” ಎಂದ. ನನ್ನ ಕೈ ಹಿಡಿದುಕೊಂಡ.

ನರಸೀಪುರದ ಕಚೇರಿಯ ಬಾಗಿಲಲ್ಲೂ ಬಿಡಲಿಲ್ಲ. ಜವಾನ ನಕ್ಕ: “ಏನ್ ಸಾ, ಗುಮಾಸ್ತೆಯೋರು ದೊಡ್ಡೋರ್ ಕೈ ಇಡ್ಕಂಡ್ ಬಂದವ್ರೆ?”

“ಅವ್ನು ಪಾಸಾಗವ್ನೆ ಕಣಪ್ಪಾ,” ಎಂದ ಮಾವ. “ಎದ್ರಿಕೆ ಇರೋದು ನಂಗೆ.”